ಬೋಣಿಗೆ ಮುಂಚಿನ ಫೋಟೋ

ನನ್ನ ಕ್ಯಾಮೆರಾ ಚೀಲಕ್ಕೆ ಮೀನಿನ ವಾಸನೆ. ಎಷ್ಟು ಬಿಸಿಲಿಗೆ ಹಾಕಿದರೂ ಹೋಗುವುದಿಲ್ಲ; ಸೋಪಿನ ಪುಡಿ, ನಿಂಬೆ ಸಿಪ್ಪೆ, ಕರ್ಪೂರ ಎಲ್ಲ ಆಯಿತು. ಅವರ್ಸಾದ ಬಸ್ ಸ್ಟಾಪಿನಲ್ಲಿ ಇಳಿದು ಮನೆ ಮುಟ್ಟುವಷ್ಟರಲ್ಲಿ ಒಂದೆರಡು ಬೆಕ್ಕುಗಳಾದರೂ ನನ್ನ ಬೆನ್ನಿಗೆ ಬಿದ್ದಿರುತ್ತವೆ. ಜಗಲಿಯಲ್ಲಿ ಪೇಪರ್ ಓದುತ್ತ ಕೂತ ನಮ್ಮ ಮನೆಯವರು ಮೊದಲು ಬೆಕ್ಕನ್ನು ನೋಡಿ, ಆಮೇಲೆ ನನ್ನನ್ನು ನೋಡಿ, ಫೋಟೋಗ್ರಾಫರ ಸವಾರಿ ಬಂತೆಂದು ಒಳಗೆ ಚಹಾಕ್ಕೆ ಇಡಲು ಹೋಗುತ್ತಾರೆ. ಚೀಲವೇನೋ ಬಲು ಚೆಂದದ್ದು. ಲೆನ್ಸಿಗೆ ಒಂದು ಖಾನೆ, ಬ್ಯಾಟರಿಗೆ ಒಂದು ಖಾನೆ ಇದೆ. ಇನ್ನೊಂದು ಖಾನೆ ಯಾತಕ್ಕೆಂದು ಅದನ್ನು ಹೊಲಿದವರಿಗೂ ಗೊತ್ತಿರಲಿಕ್ಕಿಲ್ಲ. ನಾನು ಅದರಲ್ಲಿ ಪ್ಲಾಸ್ಟಿಕ್ ಕೊಟ್ಟೆ, ಎಂದರೆ ಕೈಚೀಲ, ಇಟ್ಟುಕೊಳ್ಳುತ್ತೇನೆ. ಹೋಗುವಾಗ ಖಾಲಿ ಇದ್ದ ಕೊಟ್ಟೆಯಲ್ಲಿ ಬರುವಾಗ ಬಂಗಡೆ ಇರುತ್ತದೆ, ಇಲ್ಲವೇ ತಾರ್ಲೆ ಇರುತ್ತದೆ, ಅದೃಷ್ಟ ಖುಲಾಯಿಸಿದ ದಿನ ನೊಗ್ಲಿ ಇರುತ್ತದೆ.

ಬೀದಿಯಲ್ಲಿ ಫೋಟೋ ತೆಗೆಯುವುದಕ್ಕೂ ಬಂಗಡೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಕಾರವಾರದ ಮೀನುಪೇಟೆಗೆ ಕ್ಯಾಮೆರಾ ಹಿಡಿದು ಹೋದವರು ಕೇಳುವುದಿಲ್ಲ. ಅಲ್ಲಿ ಬೋಣಿ ಆಗುವ ಮುಂಚೆ, ಎಂದರೆ ದಿನದ ಮೊದಲ ವ್ಯಾಪಾರ ಕುದುರುವ ಮುಂಚೆ, ಬುಟ್ಟಿಯ ಎದುರು ನಿಂತು ಬರಿದೆ ನೋಡಿ ಹೋಗುವವರನ್ನು ಕಂಡರೇ ಯಾರಿಗೂ ಆಗದು. ಅಂಥದ್ದರಲ್ಲಿ ಕ್ಯಾಮೆರಾ ಎತ್ತಿದರೆ ಮುಗಿದೇ ಹೋಯಿತು. ಆ ದಿನ ಮೀನು ಉಳಿದರೆ, ಐಸು ಕರಗಿದರೆ, ಮಧ್ಯಾಹ್ನದ ಬಸ್ಸು ತಪ್ಪಿದರೆ, ಎಲ್ಲದಕ್ಕೂ ಆ ಫೋಟೋವೇ ಕಾರಣ. ಆದ್ದರಿಂದ ಮೊದಲು ಮೀನು, ಆಮೇಲೆ ಫೋಟೋ. ಇದರಲ್ಲಿ ಒಂದೇ ತೊಂದರೆ. ಸೋಮವಾರ ನಮ್ಮ ಮನೆಯಲ್ಲಿ ಮೀನಿಲ್ಲ, ಶ್ರಾವಣದಲ್ಲಂತೂ ಹೆಸರೆತ್ತುವ ಹಾಗಿಲ್ಲ. ಒಳ್ಳೆಯ ಬೆಳಕಾದರೋ ವಾರ ತಿಥಿ ನೋಡಿ ಬರುವುದಿಲ್ಲ. ಹಾಗಾಗಿ ನಾನು ಶ್ರಾವಣದಲ್ಲಿ ತೆಗೆದ ಫೋಟೋಗಳ ಪೂರ್ತಿ ಲಾಭ ಪಕ್ಕದ ಮನೆಯ ರೋಜಾಬಾಯಿಗೆ. ನನ್ನ ಕಲೆಯನ್ನು ಮನಸಾರೆ ಮೆಚ್ಚುವವರು ಈ ಊರಿನಲ್ಲಿ ಯಾರಾದರೂ ಇದ್ದರೆ ಅವರೊಬ್ಬರೇ.

ಕ್ಯಾಮೆರಾ ನನ್ನ ಕೈಗೆ ಬಂದದ್ದು ನಿವೃತ್ತಿಯ ನಂತರ. ಬದುಕಿನ ಬಹುಪಾಲು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದೆ. ಮೊದಲು ಚಿತ್ತಾಕುಲದಲ್ಲಿ, ಆಮೇಲೆ ಅಂಕೋಲೆಯಲ್ಲಿ. ನಮ್ಮ ಕಡೆ ಪಾಠ ಹೇಳುವ ಹೆಂಗಸು ಎಲ್ಲರಿಗೂ ಅಕ್ಕೋರು. ಬೀಳ್ಕೊಡುವ ದಿನ ಅಕ್ಕೋರಿಗೆ ಶಾಲು ಹೊದೆಸಿ ಗೋಡೆ ಗಡಿಯಾರ ಕೊಟ್ಟರು. ಶಾಲೆಯವರು ಒಂದು, ಪಾಲಕರು ಒಂದು, ಹಳೆಯ ವಿದ್ಯಾರ್ಥಿಗಳು ಮತ್ತೊಂದು. ಗಂಟೆ ನೋಡಿ ಓಡುವ ಕೆಲಸ ಮುಗಿದ ಮೇಲೆ ಮನುಷ್ಯರಿಗೆ ಇಷ್ಟೊಂದು ಗಡಿಯಾರ ಯಾಕೆ ಕೊಡುತ್ತಾರೋ ನನಗೆ ಇನ್ನೂ ತಿಳಿದಿಲ್ಲ. ಅವು ಒಂದೊಂದು ಕೋಣೆಯಲ್ಲಿ ಒಂದೊಂದು ಸಮಯ ತೋರಿಸುತ್ತ ನನ್ನನ್ನು ದಿನವಿಡೀ ಅಣಕಿಸತೊಡಗಿದಾಗ, ಮನೆಯಿಂದ ಹೊರಗೆ ಇರಲು ಒಂದು ನೆಪ ಬೇಕೆಂದು ಈ ಕ್ಯಾಮೆರಾ ಕೊಂಡೆ.

ಕಲಿಸಿದ್ದು ಯೂಟ್ಯೂಬು. ಅಲ್ಲಿಯ ಗುರುಗಳೆಲ್ಲ ಒಂದೇ ಮಾತನ್ನು ತಿರುಗಿಸಿ ಮುರುಗಿಸಿ ಹೇಳುತ್ತಾರೆ. ಬೀದಿಯಲ್ಲಿ ನೀವು ಯಾರ ಕಣ್ಣಿಗೂ ಬೀಳಬಾರದು, ಜನ ತಮ್ಮ ಪಾಡಿಗೆ ತಾವಿರುವಾಗ ಕ್ಲಿಕ್ಕಿಸಬೇಕು, ಒಂದೊಂದು ಫೋಟೋ ಒಂದೊಂದು ಕಥೆ ಹೇಳಬೇಕು. ಅವರಿಗೇನು, ಹೇಳಿಬಿಡುತ್ತಾರೆ. ಅವರ ಊರಿನ ಬೀದಿಯಲ್ಲಿ ಅಪರಿಚಿತರು ಸಿಗುತ್ತಾರೆ. ಅಂಕೋಲೆಯಲ್ಲಿ ಅಪರಿಚಿತರನ್ನು ನಾನು ಎಲ್ಲಿಂದ ತರಲಿ? ಬಸ್ ನಿಲ್ದಾಣದಲ್ಲಿ ಕ್ಯಾಮೆರಾ ಎತ್ತಿದೆನೆಂದರೆ ಬೀಡಿ ಸೇದುತ್ತಿದ್ದವನು ಬೀಡಿ ಬೆನ್ನ ಹಿಂದೆ ಅಡಗಿಸುತ್ತಾನೆ, ಕೂತವನು ಏಳುತ್ತಾನೆ, ಎದ್ದವನು ಪ್ರಾರ್ಥನೆಗೆ ನಿಂತವರ ಹಾಗೆ ಕೈ ಇಳಿಬಿಟ್ಟು ನೆಟ್ಟಗಾಗುತ್ತಾನೆ. ಹಾಗೂ ಹೀಗೂ ಯಾರಾದರೊಬ್ಬರು ನನ್ನ ಹತ್ತಿರ ಕಲಿಯದವರು ಸಿಕ್ಕರೆ, ಅವರು ನನ್ನ ತವರಿನ ಕಡೆಯಿಂದ ನೆಂಟರಾಗಿರುತ್ತಾರೆ. ಊಟ ಆಯಿತೇ, ಮಂಡಿನೋವು ಹೇಗಿದೆ ಎಂದು ವಿಚಾರಿಸಿ ಚಹಾಕ್ಕೆ ಎಳೆದುಕೊಂಡು ಹೋಗುತ್ತಾರೆ. ಮೊದಲ ಆರು ತಿಂಗಳಲ್ಲಿ ನಾನು ತೆಗೆದದ್ದಕ್ಕಿಂತ ಕುಡಿದದ್ದೇ ಹೆಚ್ಚು.

ಕಾರವಾರ ದೊಡ್ಡ ಊರು, ಕಚೇರಿಗಳ ಊರು, ಅಲ್ಲಿ ಯಾರೂ ಗುರುತು ಹಿಡಿಯಲಾರರು ಎಂದು ಬಿಣಗಾ ಘಾಟ್ ದಾಟಿ ಅಲ್ಲಿಗೂ ಹೋದೆ. ಬಸ್ ನಿಲ್ದಾಣದ ಎದುರು ಆಟೋ ಸಾಲಿನಲ್ಲಿ ಒಬ್ಬ ಚಾಲಕ ಹ್ಯಾಂಡಲಿನ ಮೇಲೆ ಕಾಲು ಚಾಚಿ, ಬಾಯಿ ತೆರೆದು ನಿದ್ದೆ ಹೋಗಿದ್ದ. ಮರದ ಎಲೆಗಳ ನಡುವಿನಿಂದ ಬಿಸಿಲು ಅವನ ಹೊಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಬಿದ್ದಿತ್ತು. ಎಂಥ ದೃಶ್ಯ. ಉಸಿರು ಬಿಗಿಹಿಡಿದು ಹತ್ತಿರ ಹತ್ತಿರ ಹೋದೆ. ಅಷ್ಟರಲ್ಲಿ ಹಿಂದಿನ ಆಟೋದವನು, ಏ ಮಂಗೇಶ, ಅಕ್ಕೋರು ಬಂದ್ರು ಎಂದು ಕೂಗಿ ಹೇಳಿದ. ಮಲಗಿದ್ದವನು ಗಡಬಡಿಸಿ ಎದ್ದು, ತಲೆಯನ್ನು ಮೇಲಿನ ಕಂಬಿಗೆ ಹೊಡೆಸಿಕೊಂಡು, ಅಂಗಿಯ ಗುಂಡಿ ಹಾಕುತ್ತ ನಮಸ್ಕಾರ ಮಾಡಿದ. ಚಿತ್ತಾಕುಲದ ಶಾಲೆಯಲ್ಲಿ ನನ್ನ ಕೈಯಲ್ಲಿ ಮಗ್ಗಿ ಕಲಿತ ಮಂಗೇಶ. ನನ್ನ ಫೋಟೋದಲ್ಲಿ ಅಂಗಿಯ ಗುಂಡಿ ಒಂದು ಮಾತ್ರ ಸ್ಪಷ್ಟವಾಗಿ ಬಂದಿದೆ.

ನಮ್ಮ ಜನ ಫೋಟೋ ಎಂದ ಕೂಡಲೇ ಸೆಟೆದುಕೊಳ್ಳುವುದು ಇಂದಿನ ರೂಢಿಯಲ್ಲ. ನಾನು ಚಿಕ್ಕವಳಿದ್ದಾಗ ಅಪ್ಪ ಒಮ್ಮೆ ನಮ್ಮೆಲ್ಲರನ್ನೂ ಅಂಕೋಲೆಯ ಸ್ಟುಡಿಯೋಕ್ಕೆ ಕರೆದೊಯ್ದಿದ್ದ. ಹಿಂದೆ ಕೊಳ, ಹಂಸ ಬರೆದ ಪರದೆ. ಪಕ್ಕದಲ್ಲಿ ಎತ್ತರದ ಸ್ಟೂಲಿನ ಮೇಲೆ ತಂತಿಯಿಲ್ಲದ ಟೆಲಿಫೋನು. ಅಮ್ಮ ನನ್ನ ಮುಖಕ್ಕೆ ಕುತ್ತಿಗೆಯ ಗೆರೆಯ ತನಕ ಪೌಡರ್ ಬಡಿದಿದ್ದಳು. ಅಲ್ಲಾಡಬೇಡ, ರೆಪ್ಪೆ ಬಡಿಯಬೇಡ, ಉಸಿರು ಬಿಡಬೇಡ ಎಂದು ಸ್ಟುಡಿಯೋದವನು ಹೇಳಿ ಕಪ್ಪು ಬಟ್ಟೆಯೊಳಗೆ ತಲೆ ಹಾಕಿ ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಹೇಳಿದ್ದನ್ನು ಪಾಲಿಸುವ ಹುಡುಗಿ ನಾನು. ಆ ಫೋಟೋದಲ್ಲಿ ನನ್ನ ಕಣ್ಣುಗುಡ್ಡೆ ಹೊರಗೆ ಬರುವುದೊಂದು ಬಾಕಿ. ಮದುವೆಯ ಮಾತುಕತೆಗೆ ಈ ಫೋಟೋ ಕಳಿಸದೆ ನಿಮ್ಮಪ್ಪ ಜಾಣತನ ಮಾಡಿದರೆಂದು ನಮ್ಮ ಮನೆಯವರು ಈಗಲೂ ಹೇಳುವುದುಂಟು.

ಆ ಸ್ಟುಡಿಯೋದವರಿಂದಲೇ ನನ್ನ ತಲೆಯಲ್ಲಿ ಇನ್ನೊಂದು ನಂಬಿಕೆ ಕೂತಿತ್ತು. ನಮ್ಮ ಅಜ್ಜಿ ತೀರಿಕೊಂಡಾಗ ಅವಳದ್ದೊಂದು ಸರಿಯಾದ ಫೋಟೋ ಇರಲಿಲ್ಲ. ಯಾವುದೋ ಮದುವೆಯ ಗುಂಪಿನಿಂದ ಅವಳ ತಲೆಯನ್ನಷ್ಟೇ ತೆಗೆದು, ರೇಷ್ಮೆ ಸೀರೆ ಉಟ್ಟು ಕೂತ ಇನ್ಯಾರದೋ ಮೈಗೆ ಕೂಡಿಸಿ ಕೊಟ್ಟಿದ್ದರು. ಬದುಕಿದ್ದಾಗ ಅಜ್ಜಿ ರೇಷ್ಮೆ ಉಟ್ಟದ್ದನ್ನು ನಾವ್ಯಾರೂ ಕಂಡಿರಲಿಲ್ಲ. ಆಮೇಲೆ ನೋಡಿದರೆ ಎದುರು ಮನೆಯ ಗೋಡೆಯ ಅಜ್ಜಿಗೂ ಅದೇ ಸೀರೆ, ಅದೇ ಕೈ, ಅದೇ ಬಳೆ. ಸ್ವರ್ಗದಲ್ಲಿ ಅಜ್ಜಿಯರಿಗೆಲ್ಲ ಯೂನಿಫಾರ್ಮ್ ಕೊಡುತ್ತಾರೆಂದು ನಾನು ಎಷ್ಟೋ ವರ್ಷ ನಂಬಿದ್ದೆ.

ಈ ಗೋಡೆಯ ಫೋಟೋದ ಚಿಂತೆ ನಮ್ಮ ಕಡೆಯ ವಯಸ್ಸಾದವರನ್ನು ಬಿಡುವುದೇ ಇಲ್ಲ. ನಾನು ಬೀದಿಯಲ್ಲಿ ಕ್ಯಾಮೆರಾ ಹಿಡಿದು ಓಡಾಡುವ ಸುದ್ದಿ ಹಬ್ಬಿದ್ದೇ ತಡ, ತರಕಾರಿ ಮಾರುವವರು, ಹೂ ಕಟ್ಟುವವರು, ಪಡಿತರದ ಸಾಲಿನಲ್ಲಿ ನಿಂತವರು ಒಬ್ಬೊಬ್ಬರಾಗಿ ಹತ್ತಿರ ಬಂದು, ತಮ್ಮದೊಂದು ತೆಗೆದಿಡಬೇಕು, ಮುಂದೆ ಬೇಕಾಗುತ್ತದೆ ಎಂದು ಗುಟ್ಟಿನಲ್ಲಿ ಹೇಳತೊಡಗಿದರು. ಮುಂದೆ ಎಂದರೆ ಯಾವಾಗ ಎಂದು ಅವರೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ನನ್ನ ಕಂಪ್ಯೂಟರಿನಲ್ಲಿ 'ಮುಂದೆ ಬೇಕಾಗುವವು' ಎಂಬ ಹೆಸರಿನ ಒಂದು ಫೋಲ್ಡರ್ ಇದೆ. ಅದರೊಳಗೆ ಹೋದವರೆಲ್ಲ ಇವತ್ತಿಗೂ ಗಟ್ಟಿಮುಟ್ಟಾಗಿ ಇರುವುದರಿಂದ, ಅಕ್ಕೋರು ಫೋಟೋ ತೆಗೆದರೆ ಆಯುಷ್ಯ ಹೆಚ್ಚುತ್ತದೆ ಎಂಬ ಮಾತು ಬೇರೆ ಹುಟ್ಟಿಕೊಂಡಿದೆ.

ಈ ಫೋಲ್ಡರಿಗೆ ಒಮ್ಮೆಯೂ ಬರಲು ಒಪ್ಪದವಳು ದೇವಕಿಬಾಯಿ. ಆಟೋ ಮಂಗೇಶನ ತಾಯಿ. ಚಿತ್ತಾಕುಲದಿಂದ ಬೆಳಿಗ್ಗೆಯ ಬಸ್ಸಿಗೆ ಕಾಳಿ ಸೇತುವೆ ದಾಟಿ ಬಂದು ಕಾರವಾರದ ಮೀನುಪೇಟೆಯಲ್ಲಿ ಕೂರುತ್ತಿದ್ದಳು. ಗಂಡ ಬೇಗ ತೀರಿಕೊಂಡ ಮೇಲೆ ಮಗನನ್ನೂ ಮಗಳು ಸುಜಾತಾಳನ್ನೂ ಆ ಬುಟ್ಟಿಯಿಂದಲೇ ಸಾಕಿದವಳು. ಅವಳ ಬಾಯಿ ಇಡೀ ಪೇಟೆಗೆ ಪ್ರಸಿದ್ಧ. ಮಾತಿಗಿಂತ ಮೊದಲು ಅವಳ ಬಲಗೈ ಮೇಲೆ ಹೋಗುತ್ತಿತ್ತು. ಕೈ ಮೇಲೆ ಹೋಯಿತೆಂದರೆ ಗಿರಾಕಿಗಳು ಚೌಕಾಸಿ ನಿಲ್ಲಿಸುತ್ತಿದ್ದರು. ನಾನು ಚಿತ್ತಾಕುಲದ ಶಾಲೆಯಲ್ಲಿದ್ದಾಗ, ಮಂಗೇಶನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದಕ್ಕೆ ಒಮ್ಮೆ ಖಾಲಿ ಬುಟ್ಟಿ ಸಮೇತ ತರಗತಿಗೇ ಬಂದು ಬೊಬ್ಬೆ ಹೊಡೆದಿದ್ದಳು. ಅರ್ಧ ಕೊಂಕಣಿಯಲ್ಲಿ, ಅರ್ಧ ಕನ್ನಡದಲ್ಲಿ ನನಗೆ ಬೈದಾದ ಮೇಲೆ ಅದೇ ಉಸಿರಿನಲ್ಲಿ ಮಂಗೇಶನಿಗೂ ಬೈದು, ಹೋಗುವಾಗ ಬಾಗಿಲಲ್ಲಿ ತಿರುಗಿ, ನಾಳೆ ಒಳ್ಳೆಯ ಶೆಟ್ಲಿ ಬರುತ್ತದೆ, ಮನೆಗೆ ಕೊಡಲೇ ಎಂದು ನನ್ನನ್ನು ಕೇಳಿದ್ದಳು. ಶೆಟ್ಲಿ ಎಂದರೆ ಸಿಗಡಿ. ಅದನ್ನು ಬೇಡವೆನ್ನುವ ಶಕ್ತಿ ನನಗೆ ಆಗಲೂ ಇರಲಿಲ್ಲ. ಅಷ್ಟು ಹೊತ್ತೂ ಸುಜಾತಾ ಅದೇ ಕೋಣೆಯ ಚಿಕ್ಕ ತರಗತಿಯ ಸಾಲಿನಲ್ಲಿ ಪಾಟಿಯ ಮೇಲೆ ತಲೆ ತಗ್ಗಿಸಿ ಕೂತಿದ್ದಳು.

ಮೀನುಪೇಟೆಯಲ್ಲಿ ನಾನು ಕ್ಯಾಮೆರಾ ಹಿಡಿದು ಬಂದಾಗಲೆಲ್ಲ ದೇವಕಿಬಾಯಿ ಮೀನನ್ನು ಮುಂದೆ ತಳ್ಳಿ ತಾನು ಹಿಂದೆ ಸರಿಯುವಳು. ನನ್ನ ಮೋರೆಯಲ್ಲಿ ಏನಿದೆ, ಈ ಇಸ್ವಾಣ ಮೀನಿನ ಮೋರೆ ನೋಡಿ ಎಷ್ಟು ಚೆಂದ ಇದೆ, ಅದನ್ನು ತೆಗೆಯಿರಿ ಎನ್ನುವಳು. ನಾನು ಕಾದು ಕಾದು ಕ್ಲಿಕ್ಕಿಸುವ ಹೊತ್ತಿಗೆ ಸೆರಗು ಮುಖಕ್ಕೆ ಬಂದಿರುತ್ತಿತ್ತು, ಇಲ್ಲವೇ ಬೆನ್ನು ನನ್ನ ಕಡೆ ತಿರುಗಿರುತ್ತಿತ್ತು. ಮುಂದೆ ಬೇಕಾಗುತ್ತದೆ ಎಂದು ನಾನೇ ಒಮ್ಮೆ ತಮಾಷೆ ಮಾಡಿದ್ದಕ್ಕೆ, ಮುಂದೆ ನಾನು ಇದ್ದರಲ್ಲವೇ ನೋಡಲು ಎಂದಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ. ನಾನು ಪೇಟೆಯ ತಗಡಿನ ಮಾಡಿನ ಮೇಲೆ ಕೂತ ಕಾಗೆಯೊಂದಕ್ಕೆ ಗುರಿ ಇಟ್ಟಿದ್ದೆ. ಕಾಗೆಗೆ ಬೋಣಿಯ ರಗಳೆ ಇಲ್ಲ, ಅದು ನನ್ನ ವಿದ್ಯಾರ್ಥಿಯೂ ಅಲ್ಲ ಎಂದು ನೆಮ್ಮದಿಯಿಂದಿದ್ದೆ. ಒಂದು ಕ್ಲಿಕ್ಕಿಗೇ ಕಾಗೆ ಕೆಳಕ್ಕೆ ಹಾರಿತು, ಅದರ ಹಿಂದೆ ನನ್ನ ಕ್ಯಾಮೆರಾವೂ ಕೆಳಗಿಳಿಯಿತು, ಇಳಿದು ದೇವಕಿಬಾಯಿಯ ಎದುರು ನಿಂತಿತು. ಆಗಷ್ಟೇ ಬಸ್ಸಿಳಿದು ಬಂದು ಬುಟ್ಟಿಯ ಬಟ್ಟೆ ಸರಿಸುತ್ತಿದ್ದಳು. ಕೈ ಮೇಲೆ ಹೋಯಿತು.

"ಬೋಣಿ ಆಗ್ಲಿಲ್ಲ ಇನ್ನೂ, ಆ ಕರಿ ಕಣ್ಣು ಆಚೆ ತಿರ್ಗ್ಸಿ ಅಕ್ಕೋರೆ. ಮೀನು ತಕಣೂದು ಬಿಟ್ಟು ಫೋಟೋ ತಕಂಡು ಎಂತ ಮಾಡ್ತ್ರಿ? ಫೋಟೋ ಹಾಕಿದ್ರೆ ಸಾರು ಆಗ್ತದಾ?"

ಆ ದನಿಗೆ ಬೆಚ್ಚಿಬಿದ್ದು ನನ್ನ ಬೆರಳು ತಾನಾಗಿಯೇ ಗುಂಡಿ ಒತ್ತಿತು. ಸುತ್ತಲಿನವರೆಲ್ಲ ನಗತೊಡಗಿದರು. ನಾನು ತೆಪ್ಪಗೆ ಕೊಟ್ಟೆ ಬಿಚ್ಚಿ ಬೋಣಿ ಮಾಡಿದೆ. ದೇವಕಿಬಾಯಿ ಮೆಟ್ಟುಗತ್ತಿಯ ಮೇಲೆ ಮೀನು ಹೆಚ್ಚಿ, ಅರಿಶಿನ ಹಚ್ಚಿಡಿ, ಮನೆಗೆ ಹೋಗುವಷ್ಟರಲ್ಲಿ ಬಿಸಿಲಾಗುತ್ತದೆ ಎಂದು ಹೇಳಿ ಕೊಟ್ಟಳು. ಸಂಜೆ ಆ ಫೋಟೋವನ್ನು ನಮ್ಮ ಹವ್ಯಾಸಿಗಳ ವಾಟ್ಸಾಪ್ ಗುಂಪಿಗೆ ಹಾಕಿದೆ. ಅದರಲ್ಲಿ ಕೈ ಅಲ್ಲಾಡಿದೆ, ಬುಟ್ಟಿ ಅರ್ಧ ಕತ್ತರಿಸಿ ಹೋಗಿದೆ, ಹೆಂಗಸು ಕ್ಯಾಮೆರಾವನ್ನೇ ನೋಡುತ್ತಿದ್ದಾಳೆ, ಇದರಲ್ಲಿ ಕಥೆ ಎಲ್ಲಿದೆ ಮೇಡಂ ಎಂದು ಬಲ್ಲವರು ಬರೆದರು. ಹೌದಲ್ಲ ಎಂದು ನಾನೂ ಅದನ್ನು ಮರೆತೆ.

ಹೋದ ವರ್ಷ ಮಳೆ ಹಿಡಿಯುವ ಮುಂಚೆ ದೇವಕಿಬಾಯಿ ತೀರಿಕೊಂಡಳು. ಮಧ್ಯಾಹ್ನ ಪೇಟೆಯಿಂದ ಬಂದು, ತಲೆ ಭಾರ ಎಂದು ಚಾಪೆ ಹಾಕಿ ಮಲಗಿದವಳು ಏಳಲಿಲ್ಲ. ಸುದ್ದಿ ಕೇಳಿ ನನಗೆ ಬಹಳ ಬೇಜಾರಾಯಿತು. ಅವಳಿಲ್ಲದ ಮೀನುಪೇಟೆಗೆ ಹೋಗಲು ಮನಸ್ಸೇ ಬರಲಿಲ್ಲ; ರೋಜಾಬಾಯಿ ಕೂಡ ಎರಡು ಸಲ ವಿಚಾರಿಸಿದರು.

ಕೆಲವು ದಿನಗಳ ಮೇಲೆ ಮಂಗೇಶ ಆಟೋ ಹೊಡೆದುಕೊಂಡು ಅವರ್ಸಾಕ್ಕೆ ಬಂದ. ಹನ್ನೆರಡನೆಯ ದಿನದ ಕಾರ್ಯಕ್ಕೆ ಹಾರ ಹಾಕಿಡಲು ತಾಯಿಯ ಒಂದು ಫೋಟೋ ಮನೆಯಲ್ಲಿಲ್ಲ. ಇದ್ದದ್ದು ಆಧಾರ್ ಕಾರ್ಡಿನದೊಂದೇ. ಅದರಲ್ಲಿ ಆಯಿ ಆಯಿಯ ಹಾಗಿಲ್ಲ, ಪೊಲೀಸರು ಹಿಡಿದುಕೊಂಡು ಹೋದವರ ಹಾಗಿದ್ದಾಳೆ ಎಂದ. ಪೇಟೆಯಲ್ಲಿ ನೀವು ಅಷ್ಟು ಫೋಟೋ ತೆಗೆಯುತ್ತಿದ್ದಿರಲ್ಲ, ಒಂದಾದರೂ ಇರಬೇಕು ಎಂದು ಕಂಪ್ಯೂಟರಿನ ಎದುರು ಕೂತ.

ಹುಡುಕಿದೆವು. ದೇವಕಿಬಾಯಿ ಎಷ್ಟೋ ಕಡೆ ಇದ್ದಳು, ಮುಖ ಮಾತ್ರ ಎಲ್ಲೂ ಇರಲಿಲ್ಲ. ಐಸಿನ ಮೇಲೆ ಇಟ್ಟ ಕೈ ಇತ್ತು. ಮುಡಿಗೆ ಸಿಕ್ಕಿಸಿದ ಬಾಚಣಿಗೆ ಇತ್ತು. ಇನ್ನೊಬ್ಬಳ ಛತ್ರಿಯ ಹಿಂದೆ ಒಂದು ಮೊಣಕಾಲು, ಇಸ್ವಾಣದ ಪಕ್ಕದಲ್ಲಿ ಒಂದು ಸೆರಗು. ಮಂಗೇಶ ಒಂದೊಂದನ್ನೂ ಬೆರಳಿಟ್ಟು ಗುರುತಿಸಿದ. ಇದು ಆಯಿಯ ಕೈ, ಇದು ಆಯಿಯ ಬೆನ್ನು, ಈ ಸೀರೆ ಗಣಪತಿ ಹಬ್ಬಕ್ಕೆ ತಾನು ತಂದುಕೊಟ್ಟದ್ದು. ನನಗೆ ನಾಚಿಕೆಯಾಗತೊಡಗಿತು. ಅಷ್ಟು ಕಾಲ ಆ ಪೇಟೆಯಲ್ಲಿ ಸುತ್ತಿ ನಾನು ಕೂಡಿಟ್ಟದ್ದು ಒಬ್ಬ ಹೆಂಗಸಿನ ಚೂರುಪಾರುಗಳನ್ನು.

ಆಮೇಲೆ ಕಾಗೆ ಬಂತು. ಕಾಗೆಯ ಬೆನ್ನಿಗೇ ಆ ಫೋಟೋ. ಎತ್ತಿದ ಕೈ, ತೆರೆದ ಬಾಯಿ, ಉರಿಯುವ ಕಣ್ಣು, ಪರದೆಯ ತುಂಬ ದೇವಕಿಬಾಯಿ.

ಮಂಗೇಶ ಮೊದಲು ಬೆಚ್ಚಿ ಹಿಂದೆ ಸರಿದ. ಆಮೇಲೆ ನಕ್ಕ. ನಗುತ್ತ ನಗುತ್ತ ಅಳತೊಡಗಿದ. ನಮ್ಮ ಮನೆಯವರು ಚಹಾದ ಲೋಟ ಹಿಡಿದು ಬಂದವರು ಅಲ್ಲೇ ಬಾಗಿಲಲ್ಲಿ ನಿಂತರು.

"ಇದೇ ಅಕ್ಕೋರೆ, ಇದೇ ನಮ್ಮ ಆಯಿ. ಇದನ್ನೇ ದೊಡ್ಡದು ಮಾಡಿ ಕೊಡಿ" ಎಂದ.

ನಿಜ ಹೇಳುತ್ತೇನೆ, ದುಃಖದ ನಡುವೆಯೂ ನನಗೆ ಒಳಗೊಳಗೇ ಹಿಗ್ಗಾಯಿತು. ಗುಂಪಿನವರು ಮೂಗು ಮುರಿದ ಫೋಟೋಕ್ಕೆ ಗೋಡೆ ಸಿಗುವುದಿತ್ತು. ಎಷ್ಟು ದೊಡ್ಡದು, ಯಾವ ಕಾಗದ, ಎಂಥ ಚೌಕಟ್ಟು ಎಂದು ಅವನಿಗಿಂತ ಹೆಚ್ಚು ಉಮೇದಿನಲ್ಲಿ ನಾನೇ ಮಾತಾಡಿದೆ. ಆ ಉಮೇದು ಮರುದಿನ ಬೆಳಿಗ್ಗೆಯ ತನಕ ಇತ್ತು.

ಮರುದಿನ ಸುಜಾತಾ ಬಂದಳು. ಮದುವೆಯಾಗಿ ಅಂಕೋಲೆಯಲ್ಲಿದ್ದಾಳೆ, ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ. ಅಣ್ಣ ಮೊಬೈಲಿನಲ್ಲಿ ಕಳಿಸಿದ ಫೋಟೋ ನೋಡಿ ರಾತ್ರಿಯಿಡೀ ನಿದ್ದೆ ಮಾಡಿದಂತಿರಲಿಲ್ಲ. ಒಳಗೆ ಬಂದು ಕೂರು ಎಂದರೂ ಕೂರಲಿಲ್ಲ.

"ಸತ್ತ ಮೇಲೂ ನಮ್ಮ ಆಯಿ ಜಗಳಗಂಟಿ ಅನ್ಸ್ಕಣ್ಬೇಕಾ ಅಕ್ಕೋರೆ? ಬದ್ಕಿದ್ದಾಗ ಅನ್ಸ್ಕಂಡದ್ದು ಸಾಕಾಗ್ಲಿಲ್ವಾ?"

ಅವಳು ಸಾವಕಾಶವಾಗಿ, ಸಿಟ್ಟಿಲ್ಲದೆ ಎಲ್ಲವನ್ನೂ ಹೇಳಿದಳು. ಶಾಲೆಯಲ್ಲಿ ಹುಡುಗಿಯರು ಕೈ ಮೇಲೆತ್ತಿ ಅವಳ ತಾಯಿಯನ್ನು ಅಣಕಿಸುತ್ತಿದ್ದರಂತೆ. ಹೆಣ್ಣು ನೋಡಲು ಬಂದವರು, ಮಗಳ ಬಾಯಿಯೂ ತಾಯಿಯ ಹಾಗೆಯೋ ಎಂದು ವಿಚಾರಿಸಿದ್ದರಂತೆ. ಆಯಿ ಬೊಬ್ಬೆ ಹೊಡೆಯದೆ ಇದ್ದಿದ್ದರೆ ಆ ಪೇಟೆಯಲ್ಲಿ ಅವಳನ್ನು ಯಾರೂ ಬಾಳಗೊಡುತ್ತಿರಲಿಲ್ಲ ಎಂಬುದು ತನಗೆ ಗೊತ್ತು; ಆದರೆ ಕಾರ್ಯದ ದಿನ ಬರುವ ಅಷ್ಟೂ ಜನರಿಗೆ ಅದು ಗೊತ್ತಿರಬೇಕಲ್ಲ, ಅವರು ಹಾರ ಹಾಕಿದ ಫೋಟೋ ನೋಡಿ ನಗುವುದಿಲ್ಲವೇ ಎಂದಳು. ಅಂಕೋಲೆಯ ಸ್ಟುಡಿಯೋದಲ್ಲಿ ಆಗಲೇ ಹೇಳಿಟ್ಟು ಬಂದಿದ್ದಳು. ಆಧಾರ್ ಕಾರ್ಡಿನ ಮುಖಕ್ಕೆ ರೇಷ್ಮೆ ಸೀರೆ ಉಡಿಸಿ ಕೊಡುತ್ತಾರಂತೆ. ಒಂದು ದಿನವಾದರೂ ಆಯಿ ಎಲ್ಲರ ಆಯಿಯ ಹಾಗೆ ಸುಮ್ಮನೆ, ಚೆಂದವಾಗಿ ಕೂರಲಿ ಎಂದಳು.

ನನ್ನ ಕಲೆಯ ಗರ್ವವೆಲ್ಲ ಆ ಹೊತ್ತಿಗೆ ಎಲ್ಲಿ ಹೋಗಿತ್ತೋ. ಸತ್ತದ್ದು ನನ್ನ ತಾಯಿಯಲ್ಲ. ಅವಳು ಕೇಳುತ್ತಿದ್ದದ್ದು ದೊಡ್ಡದೇನೂ ಅಲ್ಲ. ನಿಮಗೆ ಹೇಗೆ ಸರಿ ಕಾಣುತ್ತದೋ ಹಾಗೆ ಮಾಡಿ ಎಂದು ಹೇಳಿ ಕಳಿಸಿದೆ. ಮಂಗೇಶ ಮಾತ್ರ ಫೋನಿನಲ್ಲಿ ಪಟ್ಟು ಬಿಡಲಿಲ್ಲ. ಅಣ್ಣ ತಂಗಿಯರ ನಡುವೆ ಮಾತು ಬೆಳೆದು, ಕೊನೆಗೆ ಮಾತೇ ನಿಂತಿತೆಂದು ಕೇಳಿದಾಗ ಆ ಫೋಟೋ ತೆಗೆದದ್ದೇ ತಪ್ಪಾಯಿತೇನೋ ಅನ್ನಿಸಿತು.

ಕಾರ್ಯಕ್ಕೆ ಎರಡು ದಿನ ಇರುವಾಗ ಸುಜಾತಾ ಮತ್ತೆ ಬಂದಳು. ಕೈಯಲ್ಲಿ ಕಾಗದ ಸುತ್ತಿದ ಚೌಕಟ್ಟು. ಜಗಲಿಯಲ್ಲಿ ಕೂತು ಬಿಚ್ಚಿದಳು. ಹಸಿರು ರೇಷ್ಮೆ ಸೀರೆ, ಕೆಂಪು ಅಂಚು, ಮಡಿಲಲ್ಲಿ ಒಂದರ ಮೇಲೊಂದು ಇಟ್ಟ ಬಿಳಿ ಕೈಗಳು. ಆ ಮೈಗೆ ಮೊದಲು ಮಂಗಳಸೂತ್ರ ಇತ್ತಂತೆ, ಹೇಳಿ ಅಳಿಸಿದ್ದಳು. ಅಳಿಸಿದ ಜಾಗ ಕುತ್ತಿಗೆಯಲ್ಲಿ ಒಂದು ಗೆರೆಯಾಗಿ ಉಳಿದಿತ್ತು. ಮುಖದ ಸುಕ್ಕುಗಳನ್ನೂ ನುಣ್ಣಗೆ ಉಜ್ಜಿದ್ದರು. ಅದನ್ನು ಗೋಡೆಗೆ ಒರಗಿಸಿಟ್ಟು ಸುಜಾತಾ ಬಹಳ ಹೊತ್ತು ನೋಡಿದಳು. ಚೆನ್ನಾಗಿದೆ ಎಂದು ಹೇಳಲು ನಾನು ಬಾಯಿ ತೆರೆದೆ, ಅಷ್ಟರಲ್ಲಿ ಅವಳೇ ಮಾತಾಡಿದಳು.

"ಚೆಂದ ಅದೆ ಅಕ್ಕೋರೆ. ಆದ್ರೆ ಇದ್ಕೆ ನನ್ನ ಗುರ್ತ ಸಿಕ್ಕೂದಿಲ್ಲ ಕಾಣ್ತದೆ."

ಚೌಕಟ್ಟಿಗೆ ಮತ್ತೆ ಕಾಗದ ಸುತ್ತುತ್ತ ಅವಳು, ಆ ಇನ್ನೊಂದು ಫೋಟೋದಲ್ಲಿ ಆಯಿ ಬೈಯುತ್ತಿರುವುದು ಯಾರಿಗೆ ಎಂದು ಕೇಳಿದಳು. ನನಗೆ ಎಂದೆ. ಅಕ್ಕೋರಿಗೇ ಎಂದು ಅವಳ ಕಣ್ಣು ಅಗಲವಾಯಿತು. ಏನೆಂದು ಬೈದಳು ಎಂದು ಕೇಳಿದಳು. ಕಾಗೆಯಿಂದ ಹಿಡಿದು ಎಲ್ಲ ಹೇಳಿ, ಫೋಟೋ ಹಾಕಿದರೆ ಸಾರು ಆಗುತ್ತದೆಯೇ ಎಂದು ಕೇಳಿದ್ದನ್ನೂ ಹೇಳಿದೆ. ಸುಜಾತಾ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಆಮೇಲೆ ಮತ್ತೊಮ್ಮೆ ಹೇಳಿ, ಸರಿಯಾಗಿ ಅವಳ ಮಾತಿನಲ್ಲೇ ಹೇಳಿ ಎಂದಳು. ನಾನು ಕೈ ಮೇಲೆತ್ತಿ ದೇವಕಿಬಾಯಿಯ ದನಿಯಲ್ಲೇ ಹೇಳಲು ನೋಡಿದೆ. ಮೂರನೆಯ ಸಲ ಅವಳೇ ಹೇಳಿದಳು, ನನಗಿಂತ ಎಷ್ಟೋ ಚೆನ್ನಾಗಿ, ಕೈ ಸಮೇತ. ಹೇಳಿ ಮುಗಿಸಿ ತನ್ನ ಕೈಯನ್ನೇ ಒಂದು ಗಳಿಗೆ ನೋಡಿ ಕೆಳಗಿಳಿಸಿದಳು.

ಹೋಗುವಾಗ ನಾನು ಮಂಗೇಶನಿಗೆಂದು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ ಇಟ್ಟಿದ್ದ ಫೋಟೋವನ್ನೂ ಕೇಳಿ ತೆಗೆದುಕೊಂಡಳು. ಯಾವುದನ್ನು ಇಡುತ್ತೀ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಎರಡು ಚೌಕಟ್ಟುಗಳನ್ನು ಬಗಲಲ್ಲಿ ಹಿಡಿದು ಕಾರವಾರದ ಬಸ್ಸು ಹತ್ತಿದಳು.

ಕಾರ್ಯದ ದಿನ ನಾನೂ ನಮ್ಮ ಮನೆಯವರೂ ಚಿತ್ತಾಕುಲಕ್ಕೆ ಹೋದೆವು. ಅಂಗಳದ ಚಪ್ಪರದಲ್ಲಿ ಜನ ತುಂಬಿದ್ದರು. ಮೀನುಪೇಟೆಯ ಹೆಂಗಸರು ಆ ದಿನ ಬುಟ್ಟಿ ಇಳಿಸಿ ಎಲ್ಲರೂ ಬಂದಿದ್ದರು. ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಫೋಟೋ, ಕೆಳಗೆ ದೀಪ. ಆದರೆ ಎದುರು ನಿಂತವರ ಬೆನ್ನುಗಳಿಂದಾಗಿ ನನಗೆ ಚೌಕಟ್ಟಿನ ಒಂದು ಮೂಲೆ ಮಾತ್ರ ಕಾಣುತ್ತಿತ್ತು. ಮಂಗೇಶ ಒಂದು ಕಡೆ ನಿಂತಿದ್ದ, ಸುಜಾತಾ ಇನ್ನೊಂದು ಕಡೆ. ಮುಂದಿನವರಲ್ಲಿ ಒಬ್ಬಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ನಾನು ತಿಳಿದೆ. ಅವಳು ತಿರುಗಿದಾಗ ನೋಡಿದರೆ ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ಬಂದ್ವೇ ದೇವಕಿ, ಬಂದ್ವು. ಬೈಬೇಡ" ಎಂದು ಫೋಟೋಕ್ಕೆ ಹೇಳಿ ಪಕ್ಕಕ್ಕೆ ಸರಿದಳು.

ಅವಳು ಸರಿದ ಜಾಗದಲ್ಲಿ ದೇವಕಿಬಾಯಿ ಕಂಡಳು. ಕೈ ಎತ್ತಿದ್ದಳು, ಬಾಯಿ ತೆರೆದಿದ್ದಳು. ನಾನು ಸುಜಾತಾಳ ಕಡೆ ನೋಡಿದೆ. ಜನ ನಕ್ಕಾರು ಎಂದು ಹೆದರಿದ್ದವಳು ಅವಳು; ಜನ ನಗುತ್ತಲೇ ಇದ್ದರು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ.

ಹಾರ ಹಾಕುವ ಹೊತ್ತಾಯಿತು. ಮಂಗೇಶ ತಟ್ಟೆಯಿಂದ ಸೇವಂತಿಗೆಯ ಹಾರ ಎತ್ತಿ, ತಂಗಿಯ ಕೈಗೆ ಕೊಟ್ಟ. ಸುಜಾತಾ ಅದನ್ನು ಚೌಕಟ್ಟಿಗೆ ಎರಡೂ ಬದಿ ಸಮನಾಗಿ ಇಳಿಬಿಟ್ಟು, ನಮಸ್ಕಾರ ಮಾಡಿ ಹಿಂದೆ ಸರಿದಳು. ನಿಂತು ನೋಡಿದಳು. ದಪ್ಪ ಹಾರ, ಎತ್ತಿದ ಕೈ ಅದರಡಿಯಲ್ಲಿ ಪೂರ್ತಿ ಮುಚ್ಚಿಹೋಗಿತ್ತು. ಕೈ ಮರೆಯಾದದ್ದೇ ತಡ, ದೇವಕಿಬಾಯಿ ಆಕಳಿಸುತ್ತಿದ್ದಾಳೋ ಹಾಡುತ್ತಿದ್ದಾಳೋ ಎಂಬಂತೆ ಬೇರೆಯೇ ಯಾರೋ ಆಗಿಬಿಟ್ಟಿದ್ದಳು. ಸುಜಾತಾ ಮತ್ತೆ ಮುಂದೆ ಹೋಗಿ, ಕೈ ಇದ್ದ ಬದಿಯ ಹೂವನ್ನು ಎರಡೂ ಕೈಯಿಂದ ಎತ್ತಿ ಚೌಕಟ್ಟಿನ ಹಿಂದಕ್ಕೆ ಸಿಕ್ಕಿಸಿದಳು. ಆಯಿಯ ಕೈ ಹೊರಗೆ ಬಂತು.

ಹಾರ ಒಂದು ಬದಿಗೆ ವಾಲಿತು. ಅದನ್ನು ಸರಿಪಡಿಸಲು ಯಾರೂ ಹೋಗಲಿಲ್ಲ.